ಬಚ್ಚಲಲ್ಲಿ ಜಾರಿ ಬಿದ್ದ ಅರ್ಜಿ

ಅರ್ಜಿ ಒಂದೇ ಪುಟದ್ದು. ಬಸ್‌ಸ್ಟ್ಯಾಂಡಿನ ಎದುರು ಟೈಪಿಂಗ್ ಅಂಗಡಿ ಇಟ್ಟವನು ಹೊಡೆದುಕೊಟ್ಟದ್ದು ಅಂತ ಮೊದಲ ಸಾಲು ಓದಿದ ಕೂಡಲೇ ಗೊತ್ತಾಯಿತು. ಯಾರ ಅರ್ಜಿಯನ್ನೇ ಆಗಲಿ ಅವನು 'ತಮ್ಮಲ್ಲಿ ಅತ್ಯಂತ ಕಳಕಳಿಯಿಂದ' ಎಂದೇ ಶುರು ಮಾಡುತ್ತಿದ್ದ. ನಮ್ಮ ಪುರಸಭೆಯ ಪೌರಕಾರ್ಮಿಕ ಹೆಣ್ಣುಮಗಳೊಬ್ಬಳು, ವಯಸ್ಸು ಐವತ್ತೆರಡು, ತನ್ನ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈಗೆ ಪೆಟ್ಟಾಗಿರುವುದರಿಂದ ಖಾತೆಯಲ್ಲಿರುವ ಗಳಿಕೆ ರಜೆಯಲ್ಲಿ ನಲವತ್ತೈದು ದಿನ ಮಂಜೂರು ಮಾಡಬೇಕೆಂದು ಕೇಳಿದ್ದಳು. ಕೆಳಗೆ ಎಡಗೈ ಹೆಬ್ಬೆಟ್ಟು. ಪಕ್ಕದಲ್ಲಿ ಆರೋಗ್ಯ ನಿರೀಕ್ಷಕರ 'ಶಿಫಾರಸು ಮಾಡಿದೆ' ಎಂಬ ಬರಹ, ಅದೇ ದಿನದ ತಾರೀಖು.

ನನಗೆ ಮೊದಲು ಅನುಮಾನ ತಂದದ್ದು ಆ ತಾರೀಖು. ನಮ್ಮ ನಿರೀಕ್ಷಕರು ಒಳ್ಳೆಯ ಮನುಷ್ಯ, ಆದರೆ ಅವರ ಶಿಫಾರಸು ಪಡೆಯಬೇಕೆಂದರೆ ಒಂದು ವಾರ ಓಡಾಡಬೇಕಾಗುತ್ತಿತ್ತು. ಈ ಅರ್ಜಿಗೆ ಒಂದು ಮುಂಜಾನೆಯಲ್ಲಿ ಸಹಿ ಬಿದ್ದಿತ್ತು.

ನಾನು ಆಗ ಸಿಬ್ಬಂದಿ ಶಾಖೆಯಲ್ಲಿ ಪ್ರಥಮ ದರ್ಜೆ ಸಹಾಯಕಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಊರುಗಳಲ್ಲಿ ನಾನು ಕೆಲಸ ಮಾಡಿದ್ದೇನೆ. ಇದು ನಡೆದದ್ದು ಅವುಗಳಲ್ಲಿ ಯಾವ ಊರಿನಲ್ಲಿ ಅಂತ ಹೇಳುವುದಿಲ್ಲ. ಇದರಲ್ಲಿ ಬರುವ ಇಬ್ಬರು ಹೆಣ್ಣುಮಕ್ಕಳು ಇನ್ನೂ ಕೆಲಸದಲ್ಲಿದ್ದಾರೆ, ಅವರ ಹೆಸರನ್ನೂ ಬರೆಯುವುದಿಲ್ಲ. ಯಾವ ಊರಿಗೆ ಹೋದರೂ ನನ್ನ ಪಾಲಿಗೆ ಬರುತ್ತಿದ್ದದ್ದು ಅದೇ ಟೇಬಲ್: ರಜೆ, ಹಾಜರಿ, ಸೇವಾ ಪುಸ್ತಕ, ಪೆಟ್ಟಾದವರ ಕಡತ. ಉಳಿದವರು ಆ ಟೇಬಲನ್ನು ಶಿಕ್ಷೆ ಅಂದುಕೊಳ್ಳುತ್ತಿದ್ದರು. ನನಗೆ ಅದು ಇಷ್ಟ. ನಮ್ಮಪ್ಪ ತಂಗಡಗಿಯ ಸಾಲಿಯಲ್ಲಿ ಕನ್ನಡ ಮಾಸ್ತರರಾಗಿದ್ದರು. ಊರಿನ ಮುಸಲ್ಮಾನರು, ಹಿಂದೂಗಳು ಎನ್ನದೆ ಎಲ್ಲರೂ ತಮ್ಮ ಅರ್ಜಿ ಬರೆಸಲು ನಮ್ಮ ಕಟ್ಟೆಗೇ ಬರುತ್ತಿದ್ದರು. ಅಪ್ಪ ಬರೆಯುವಾಗ ನಾನು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ. ಮನುಷ್ಯ ಬಾಯಿಂದ ಹೇಳುವುದಕ್ಕೂ ಕಾಗದದ ಮೇಲೆ ಬರುವುದಕ್ಕೂ ಎಷ್ಟು ಅಂತರ ಇರುತ್ತದೆ ಅಂತ ಅಲ್ಲಿಯೇ ಕಲಿತೆ. ಹಾಗಾಗಿ ರಜೆ ಅರ್ಜಿಯೊಂದು ಸುಳ್ಳು ಹೇಳಿದರೆ ನನಗೆ ಮೂರನೇ ಸಾಲಿಗೆ ತಿಳಿಯುತ್ತದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಇಪ್ಪತ್ತು ವರ್ಷ ಒಂದೇ ಕೆಲಸ ಮಾಡಿದರೆ ಯಾರಿಗಾದರೂ ತಿಳಿಯುತ್ತದೆ.

ಆಕೆಯನ್ನು ಕರೆಸಿದೆ. ಗಟ್ಟಿ ಆಳು, ಗಟ್ಟಿ ಬಾಯಿ. ನಾಲ್ಕನೇ ವಾರ್ಡಿನಲ್ಲಿ ಆಕೆ ಒಂದು ಕೂಗು ಹಾಕಿದರೆ ಕಸದ ಗಾಡಿ ತಾನಾಗಿ ನಿಲ್ಲುತ್ತದೆ ಅಂತ ಮಂದಿ ನಗುತ್ತಿದ್ದರು. ಕಸಬರಿಗೆ ಹಿಡಿದು ಮೂವತ್ತು ವರ್ಷ, ಕಾಯಂ ಆಗಿ ಹತ್ತಕ್ಕೂ ಹೆಚ್ಚು ವರ್ಷ ಆಗಿತ್ತು. ಬಲಗೈಗೆ ಮೊಳಕೈವರೆಗೆ ಪ್ಲಾಸ್ಟರ್, ತುದಿಯಲ್ಲಿ ಎರಡು ಬೆರಳಿಗೆ ಬೇರೆ ಬ್ಯಾಂಡೇಜು. ನನ್ನ ಎದುರು ಕುರ್ಚಿ ಇದ್ದರೂ ಕೂಡಲಿಲ್ಲ.

"ಯವ್ವಾ, ಎಲ್ಲಿ ಬಿದ್ದಿ?"

"ಬರದೈತಲ್ರಿ ಮೇಡಮ್ಮಾರ. ಬಚ್ಚಲದಾಗ."

"ಎಷ್ಟೊತ್ತಿಗೆ?"

"ಮುಂಜಾನಿ."

"ಮುಂಜಾನಿ ಎಷ್ಟಕ್ಕ?"

"ಗಡಿಯಾರ ನೋಡಿ ಬೀಳ್ತಾರೇನ್ರಿ ಯಾರರೆ?"

ನಗು ಬಂತು, ತಡೆದುಕೊಂಡೆ. "ಜಾರಿ ಬಿದ್ದವರು ಕೈ ಊರ್ತಾರ. ಮಣಿಕಟ್ಟು ಮುರೀತೈತಿ, ಖರೆ. ಬೆರಳು ಹ್ಯಾಂಗ ಜಜ್ಜಿದ್ವು?"

"ಕೊಡದ ಮ್ಯಾಲ ಬಿದ್ದೆ."

"ತಾಮ್ರದ ಕೊಡ?"

"ಪ್ಲಾಸ್ಟಿಕ್..." ಎಂದು ಶುರು ಮಾಡಿದವಳು ಅಲ್ಲಿಯೇ ನಿಂತಳು. ಮುಖ ಕಿಟಕಿಯ ಕಡೆ ತಿರುಗಿತು.

ನಾನು ಆಕೆಗೆ ನಿಧಾನವಾಗಿ ಹೇಳಿದೆ. ಕೆಲಸ ಮಾಡುವಾಗ ಪೆಟ್ಟಾದವರಿಗೆ ಬೇರೆ ರಜೆ ಇದೆ, ಅದಕ್ಕೆ ನಿನ್ನ ಸ್ವಂತ ರಜೆಯಲ್ಲಿ ಒಂದು ದಿನವೂ ಕಡಿಮೆಯಾಗುವುದಿಲ್ಲ. ಆಸ್ಪತ್ರೆಯ ಖರ್ಚು ಕಚೇರಿಯದ್ದು. ನಾಳೆ ಈ ಕೈ ಮೊದಲಿನ ಹಾಗೆ ಆಗದಿದ್ದರೆ ಬೇರೆ ಕೆಲಸ ಕೇಳಲು ನಿನಗೆ ಹಕ್ಕಿರುತ್ತದೆ. ಬಚ್ಚಲಲ್ಲಿ ಬಿದ್ದೆ ಅಂದರೆ ಇದ್ಯಾವುದೂ ಇಲ್ಲ.

ಎಲ್ಲ ಕೇಳಿದಳು. "ನನಗ ನನ್ನ ರಜಾನ ಸಾಕ್ರಿ. ಸಹಿ ಮಾಡಿಸಿ ಕೊಡ್ರಿ, ಪುಣ್ಯಾ ಬರ್ತೈತಿ," ಅಂದು ಹೊರಟುಹೋದಳು.

ಆಕೆ ಬಿದ್ದ ದಿನದ ಹಾಜರಿ ತೆಗೆದು ನೋಡಿದೆ. ಮುಂಜಾನೆ ಆರಕ್ಕೆ ಆಕೆಯ ಹೆಬ್ಬೆಟ್ಟು ಯಂತ್ರದಲ್ಲಿ ಬಿದ್ದಿತ್ತು. ಅರ್ಜಿಗೆ ಲಗತ್ತಿಸಿದ ಆಸ್ಪತ್ರೆಯ ಚೀಟಿಯಲ್ಲಿ ಏಳು ನಲವತ್ತು. ಆಕೆಯ ಮನೆ ಊರಿನ ಇನ್ನೊಂದು ತುದಿಗೆ. ಆರಕ್ಕೆ ಕೆಲಸಕ್ಕೆ ಬಂದವಳು ಯಾವಾಗ ಮನೆಗೆ ಹೋದಳು, ಯಾವಾಗ ಸ್ನಾನಕ್ಕೆ ನಿಂತಳು, ಯಾವಾಗ ಬಿದ್ದಳು? ನನಗೆ ಉತ್ತರ ಸಿಕ್ಕಂತಾಯಿತು: ಎಲ್ಲೋ ಚರಂಡಿಯಲ್ಲಿ ಪೆಟ್ಟಾಗಿದೆ, ನಿರೀಕ್ಷಕರು ಹೆದರಿಸಿ ಹೀಗೆ ಬರೆಸಿದ್ದಾರೆ. ಅನ್ಯಾಯ ಕಂಡರೆ ನನ್ನ ಪೆನ್ನು ಜೋರಾಗಿ ಓಡುತ್ತದೆ. ಕಡತದಲ್ಲಿ ಟಿಪ್ಪಣಿ ಬರೆದೆ: ಅರ್ಜಿಯಲ್ಲಿ ಹೇಳಿದ್ದಕ್ಕೂ ದಾಖಲೆಗೂ ತಾಳೆಯಾಗುತ್ತಿಲ್ಲ, ಸ್ಥಳದಲ್ಲಿ ವಿಚಾರಿಸಿ ಆರೋಗ್ಯ ನಿರೀಕ್ಷಕರು ವರದಿ ಕೊಡುವುದು ಸೂಕ್ತ. ಮುಖ್ಯಾಧಿಕಾರಿ ದಕ್ಷಿಣದ ಕಡೆಯ ಹುಡುಗ, ಬಂದು ಎರಡು ತಿಂಗಳಾಗಿತ್ತು. ಟಿಪ್ಪಣಿಯನ್ನು ಎರಡು ಸಲ ಓದಿ ಸಹಿ ಮಾಡಿದರು. "ಮೇಡಂ, ನೀವು ಪೊಲೀಸ್ ಇಲಾಖೆಗೆ ಹೋಗಬೇಕಿತ್ತು," ಅಂದರು. ನಾನು ಹಿಗ್ಗಿನಿಂದಲೇ ಮನೆಗೆ ಹೋದೆ.

ಅದು ಗುರುವಾರ. ರವಿವಾರ ಆಕೆಯ ಮನೆಗೆ ಹೋದೆ. ಕಚೇರಿಯಲ್ಲಿ ಬಾಯಿ ಬಿಡದವರು ಮನೆಯಲ್ಲಿ ಮಾತಾಡುತ್ತಾರೆ, ಅದು ನನ್ನ ಅನುಭವ. ತಗಡಿನ ಒಂದು ಕೋಣೆಯ ಮನೆ, ಸ್ವಚ್ಛ ಅಂದರೆ ಸ್ವಚ್ಛ. ಬಚ್ಚಲು ಅಂದರೆ ಹಿಂದುಗಡೆ ಎರಡು ಫರ್ಸಿಕಲ್ಲು ನಿಲ್ಲಿಸಿ, ಹಳೆ ಸೀರೆ ಕಟ್ಟಿದ ಜಾಗ. ಕೆಳಗೆ ಒರಟು ಕಾಂಕ್ರೀಟು. ಅದರ ಮೇಲೆ ಜಾರಬೇಕೆಂದರೂ ಜಾರಲು ಆಗುವುದಿಲ್ಲ. ಹೋದವಳೇ ಅದನ್ನೇ ನೋಡಿದೆ. ಆಕೆ ನನ್ನನ್ನು ನೋಡಿದಳು.

ಒಳಗೆ ಒಲೆಯ ಮುಂದೆ ಇನ್ನೊಬ್ಬಳು ರೊಟ್ಟಿ ಬಡಿಯುತ್ತಿದ್ದಳು. ಇಪ್ಪತ್ತೈದರ ಆಸುಪಾಸಿನ ಹುಡುಗಿ. ನನಗೆ ಮುಖ ಗೊತ್ತಿತ್ತು. ನಮ್ಮದೇ ಪುರಸಭೆಯ ಪೌರಕಾರ್ಮಿಕೆ, ಆದರೆ ಇನ್ನೂ ಕಾಯಂ ಆಗದವಳು, ಗುತ್ತಿಗೆದಾರನಿಲ್ಲದೆ ಪುರಸಭೆಯೇ ಸಂಬಳ ಕೊಡುವ ನೇರ ಪಾವತಿಯಲ್ಲಿದ್ದವಳು. ಒಂದು ಕೈಯಲ್ಲಿ ರೊಟ್ಟಿ ಬಡಿಯಲು ಬರುವುದಿಲ್ಲವಲ್ಲ, ದೊಡ್ಡಾಕೆಗೆ ದಿನಾ ಬಂದು ಈಕೆ ಮಾಡಿಕೊಡುತ್ತಿದ್ದಳು. ನನ್ನನ್ನು ಕಂಡು ಗಡಬಡಿಸಿ ಎದ್ದಳು. ಎದ್ದಾಗ ಕಂಡಿತು. ಕೆಲಸದ ಹೊತ್ತಿನಲ್ಲಿ ಕಚೇರಿ ಕೊಟ್ಟ ದೊಗಳೆ ಕೋಟು ಹಾಕಿರುತ್ತಿದ್ದುದರಿಂದ ನಾವು ಯಾರೂ ಅದನ್ನು ಗಮನಿಸಿರಲಿಲ್ಲ. ಕೋಟಿಲ್ಲದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಾಗ ಏಳು ತಿಂಗಳ ಹೊಟ್ಟೆ ಮುಚ್ಚಿಡುವ ಹಾಗಿರಲಿಲ್ಲ.

"ಕುಂದರ್ರಿ ಮೇಡಮ್ಮಾರ," ಅಂದು ಚಾಪೆ ಹಾಸಿದಳು. ಆಮೇಲೆ ಮನೆಯಿಂದ ತಂದು ಗೂಡಿನಲ್ಲಿಟ್ಟಿದ್ದ ಒಂದು ಕಾಗದ ತೆಗೆದು ನನ್ನ ಕೈಗೆ ಕೊಟ್ಟಳು. "ನಿನ್ನಿ ಕೊಟ್ಟಾರ್ರಿ. ಓದಾಕ ಬರ್ತೈತಿ ನನಗ, ಆದ್ರ ಇದು ತಿಳಿವಲ್ದು. ಏನ ಬರದಾರ ಹೇಳ್ರಿ."

ಓದಿದೆ. ನಿರೀಕ್ಷಕರ ಸಹಿ ಇದ್ದ ನೋಟಿಸು. 'ತಮಗೆ ವಹಿಸಿದ ಕಾಯಿಪಲ್ಲೆ ಮಾರುಕಟ್ಟೆ ಹಿಂಭಾಗದ ಓಣಿಯಲ್ಲಿ ತಾವು ಸದರಿ ದಿನ ಕರ್ತವ್ಯಕ್ಕೆ ಇರದೆ, ಅನಧಿಕೃತವಾಗಿ ಗೈರುಹಾಜರಾಗಿ, ಬೇರೊಬ್ಬ ಕಾರ್ಮಿಕರಿಂದ ಕೆಲಸ ಮಾಡಿಸಿದ್ದು ಕಂಡುಬಂದಿದ್ದು, ತಮ್ಮನ್ನು ಕೆಲಸದಿಂದ ಏಕೆ ಕೈಬಿಡಬಾರದು' ಎಂದು ಏಳು ದಿನದಲ್ಲಿ ಉತ್ತರ ಕೇಳಿದ್ದರು.

ಗುರುವಾರದ ನನ್ನ ಟಿಪ್ಪಣಿ ಶನಿವಾರ ಈ ಹುಡುಗಿಯ ಮನೆಗೆ ಬಂದು ಮುಟ್ಟಿತ್ತು. ನಾನು ವಿಚಾರಣೆ ಕೇಳಿದ್ದೆ. ನಿರೀಕ್ಷಕರು ಮಾರುಕಟ್ಟೆಗೆ ಹೋಗಿ ವಿಚಾರಿಸಿದ್ದರು. ಅಪಘಾತ ಆದ ಓಣಿ ಯಾರ ಪಾಲಿನದು ಅಂತ ಪಟ್ಟಿ ನೋಡಿದ್ದರು. ಪಟ್ಟಿಯಲ್ಲಿ ಈಕೆಯ ಹೆಸರಿತ್ತು.

"ಮೇಡಮ್ಮಾರ, ಏನೈತ್ರಿ ಅದ್ರಾಗ?"

ಹೇಳಲೇಬೇಕಾಯಿತು, ಹೇಳಿದೆ. ಹುಡುಗಿ ಗೋಡೆ ಹಿಡಿದು ಕೂತಳು. ದೊಡ್ಡಾಕೆ ಮಾತ್ರ ನನ್ನ ಕಡೆಯೇ ನೋಡುತ್ತಿದ್ದಳು.

"ನಾ ನಿಮಗ ಬ್ಯಾಡ ಅಂದಿದ್ದೆ. ಬಚ್ಚಲದಾಗ ಬಿದ್ದೇನಿ ಅಂತ ಬರಕೊಟ್ಟಿದ್ದೆ. ನನ್ನ ರಜಾ ನಾ ಕೇಳಿದ್ದೆ. ನಿಮಗೇನ ಹರಕತ್ತಾಗಿತ್ತು?"

ಅಷ್ಟು ವರ್ಷದ ನೌಕರಿಯಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. "ಇದು ನನ್ನಿಂದ ಆಗೈತಿ ಯವ್ವಾ. ನಿರೀಕ್ಷಕರು ನಿನ್ನ ಹೆದರಿಸ್ಯಾರ ಅನಕೊಂಡೆ. ನಿನ್ನ ಕೇಳದ ಬರದೆ," ಅಂದೆ. "ಈಗರೆ ಖರೆ ಹೇಳು. ಏನಾಗಿತ್ತು?"

ಆಮೇಲೆ ಎಲ್ಲ ಹೊರಗೆ ಬಂತು. ಹುಡುಗಿ ಇಂಡಿ ಕಡೆಯಿಂದ ಮದುವೆಯಾಗಿ ಬಂದವಳು. ಕೆಲಸಕ್ಕೆ ಸೇರಿದಾಗ ಕಸಬರಿಗೆ ಹಿಡಿಯುವುದನ್ನು ದೊಡ್ಡಾಕೆಯೇ ಕಲಿಸಿದ್ದಳು. ಇಬ್ಬರ ನಡುವೆ ರಕ್ತಸಂಬಂಧ ಇಲ್ಲ. ಕಾಯಂ ಮಾಡುವವರ ಪಟ್ಟಿ ತಯಾರಾಗುತ್ತಿದೆ, ಹಾಜರಿಯಲ್ಲಿ ಖಂಡ ಬಿದ್ದರೆ, ಅಂದರೆ ನಡುವೆ ದಿನ ತಪ್ಪಿದರೆ, ಹೆಸರು ತೆಗೆಯುತ್ತಾರೆ ಅಂತ ಊರಲ್ಲೆಲ್ಲ ಸುದ್ದಿ ಎದ್ದಿತ್ತು. ಯಾರು ಹೇಳಿದರೋ ಗೊತ್ತಿಲ್ಲ, ಎಲ್ಲರೂ ನಂಬಿದ್ದರು. ಹುಡುಗಿ ಬಸುರು ಮುಚ್ಚಿಟ್ಟು ಕೆಲಸಕ್ಕೆ ಬರುತ್ತಿದ್ದಳು. ಅವಳ ಪಾಲಿನ ಓಣಿ ಕಠಿಣದ್ದು. ಮಾರುಕಟ್ಟೆಯ ಕೊಳೆತ ಸೊಪ್ಪೆಲ್ಲ ತಳ್ಳುಗಾಡಿಗೆ ತುಂಬಿ ಏರು ಹತ್ತಿಸಬೇಕು, ಮೇಲೆ ಮುಚ್ಚಿದ ಫರ್ಸಿ ಚಪ್ಪಡಿ ಎತ್ತಿ ಚರಂಡಿ ಬಿಡಿಸಬೇಕು. ದೊಡ್ಡಾಕೆಯ ಪಾಲಿಗಿದ್ದದ್ದು ಕೋರ್ಟಿನ ಮುಂದಿನ ರಸ್ತೆ. ಸಪಾಟು, ನೆರಳು, ಬರೀ ಬೇವಿನ ಎಲೆ. ಒಂದೂವರೆ ತಿಂಗಳಿಂದ ಇಬ್ಬರೂ ಯಾರಿಗೂ ಹೇಳದೆ ಓಣಿ ಬದಲಿಸಿಕೊಂಡಿದ್ದರು. ಅವತ್ತು ದೊಡ್ಡಾಕೆ ಕಟ್ಟಿಕೊಂಡ ಚರಂಡಿಯ ಫರ್ಸಿ ಎತ್ತಿದಳು. ಮೊದಲೇ ಸೀಳಿದ್ದ ಕಲ್ಲು ನಡುವೆ ಮುರಿದು ಕೈ ಮೇಲೆ ಕೂತಿತು.

"ಕಾಯಿಪಲ್ಲೆ ಮಾರಾಕಿ ಒಬ್ಬಾಕಿ ಟಾವೆಲ್ ಸುತ್ತಿ ಆಟೋಕ್ಕ ಹಾಕಿದ್ಲು," ಅಂದಳು. "ಆಟೋದಾಗ ಕುಂತು ವಿಚಾರ ಮಾಡಿದೆ. ಅಲ್ಲೆ ಬಿದ್ದೆ ಅಂದ್ರ, ನೀ ಅಲ್ಲಿ ಯಾಕ ಹೋಗಿದ್ದಿ ಅಂತಾರ. ಈಕಿ ಹೆಸರು ಬರ್ತೈತಿ. ಅದಕ್ಕ ಬಚ್ಚಲ ಅಂದೆ."

"ನಿರೀಕ್ಷಕರು?"

"ಅವ್ರಿಗೆ ಬೇಕಾಗಿತ್ತ ಬಿಡ್ರಿ. ಮನ್ಯಾಗ ಬಿದ್ದೇನಿ ಅಂದ ಕೂಡ್ಲೆ ಪೆನ್ ತಗದ್ರು."

ನಾನು ಕೇಳಿದೆ, "ಈಕಿ ಸಲುವಾಗಿ ಇಷ್ಟೆಲ್ಲಾ ಯಾಕ ಮಾಡಿದಿ?"

ಆಕೆ ಹುಡುಗಿಯ ಕಡೆ ನೋಡಲಿಲ್ಲ. "ನನ್ನ ಮಗ ಹುಟ್ಟಿದ ಹತ್ತನೇ ದಿನಕ್ಕ ಕಸಬರಿಗಿ ಹಿಡದಿದ್ದೆ. ಗಾಡಿ ನೂಕೂಮುಂದ ಕಣ್ಣಿಗೆ ಕತ್ತಲಿ ಬರ್ತಿತ್ತು. ಆವಾಗ ಬದಲಿ ನಿಲ್ಲವ್ರು ಯಾರೂ ಇರಲಿಲ್ಲ," ಅಂದಳು.

ಹುಡುಗಿ ರೊಟ್ಟಿ, ಬದನೆಕಾಯಿ ಪಲ್ಯ, ತನ್ನ ತವರಿನ ಲಿಂಬೆಕಾಯಿ ಉಪ್ಪಿನಕಾಯಿ ಹಾಕಿ ತಾಟು ಮುಂದಿಟ್ಟಳು. ಉಂಡೆ. ಉಣ್ಣುತ್ತಲೇ ತಲೆಯಲ್ಲಿ ಕಡತ ಜೋಡಿಸಲು ಶುರು ಮಾಡಿದ್ದೆ. ತಪ್ಪು ನನ್ನಿಂದ ಆಗಿತ್ತು, ಆದರೆ ಅದನ್ನು ಹೇಗೆ ಸರಿ ಮಾಡಬೇಕು ಅಂತ ಆ ಕಚೇರಿಯಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ತಾಟು ಖಾಲಿಯಾಗುವ ಹೊತ್ತಿಗೆ ನನಗೆ ದಾರಿ ಕಂಡಿತ್ತು.

"ನಿನ್ನ ತಾಯಿ ಕಾರ್ಡ್ ಐತೇನವಾ?" ಹುಡುಗಿಯನ್ನು ಕೇಳಿದೆ. ಆಶಾ ಕಾರ್ಯಕರ್ತೆ ಮಾಡಿಸಿಕೊಟ್ಟಿದ್ದ ಕಾರ್ಡನ್ನು ದೊಡ್ಡಾಕೆಯ ಡಬ್ಬಿಯ ತಳದಲ್ಲಿ ಬಟ್ಟೆಯಲ್ಲಿ ಸುತ್ತಿ ಬಚ್ಚಿಟ್ಟಿದ್ದಳು. "ನಾಳೆ ಮುಂಜಾನಿ ಇದನ್ನ ತಗೊಂಡು ದವಾಖಾನಿಗೆ ಹೋಗು. ಭಾರ ಎತ್ತಬಾರದು, ಹಗುರ ಕೆಲಸ ಕೊಡಬೇಕು ಅಂತ ಡಾಕ್ಟರ ಕಡಿಂದ ಬರಸ್ಕೊಂಡು ಸೀದಾ ನನ್ನ ಟೇಬಲ್ಲಿಗೆ ಬಾ. ಹೆರಿಗಿ ರಜಾ ಅಂದ್ರ ಖಂಡ ಅಲ್ಲ, ತಂಗಿ. ಅದು ಹಾಜರಿ ಇದ್ದಂಗ. ಬರೂ ತಿಂಗಳ ನೀ ರಜಾದ ಮ್ಯಾಲ ಹೋದರೂ ಪಟ್ಟಿಯಿಂದ ನಿನ್ನ ಹೆಸರು ಯಾರೂ ತಗಿಯಂಗಿಲ್ಲ."

"ಖರೇನ್ರಿ?"

"ಆ ಪಟ್ಟಿ ಬರಿಯಾಕತ್ತಾಕಿ ನಾನ."

ಅವಳು ಆಗ ಅತ್ತಳು. ಪಟ್ಟಿ ಬರೆಯುತ್ತಿದ್ದವಳು ನಾನೇ. ಆ ಸುಳ್ಳು ಸುದ್ದಿ ಎರಡು ತಿಂಗಳು ಊರಲ್ಲಿ ಓಡಾಡಿತ್ತು. ಒಂದು ಮುಂಜಾನೆ ಆರಕ್ಕೆ ಹೋಗಿ ನಿಂತು 'ಅದು ಸುಳ್ಳು' ಅಂತ ಎಲ್ಲರಿಗೂ ಹೇಳಿದ್ದರೆ ಮುಗಿಯುತ್ತಿತ್ತು. ನನಗೆ ಅದು ಹೊಳೆದಿರಲಿಲ್ಲ, ಏಕೆಂದರೆ ನಾನು ಹತ್ತಕ್ಕೆ ಕಚೇರಿಗೆ ಬರುವವಳು.

ಸೋಮವಾರ ಆರಕ್ಕೆ ಹೋದೆ. ಪೌರಕಾರ್ಮಿಕರು ಹಾಜರಿ ಕೊಡುವುದು ನೀರಿನ ಟಾಕಿಯ ಕೆಳಗೆ. ಅಲ್ಲಿ ಅವರ ಮುಕಾದಮ ಇದ್ದ, ಅವರಿಗೆಲ್ಲ ಓಣಿ ಹಂಚಿ ಕೆಲಸ ನೋಡಿಕೊಳ್ಳುವ ಹಿರಿಯ. ನಿವೃತ್ತಿಗೆ ಎಂಟು ತಿಂಗಳು ಇತ್ತು. ಬಿಳಿ ಮೀಸೆ, ಕಡಿಮೆ ಮಾತು. ಅವನನ್ನು ಬದಿಗೆ ಕರೆದೆ.

"ಕಾಕಾ, ಇಬ್ಬರೂ ಓಣಿ ಬದಲಿ ಮಾಡಿಕೊಂಡಿದ್ದು ನಿಮಗ ಗೊತ್ತಿತ್ತೇನು?"

"ನನಗ್ಯಾರೂ ಹೇಳಿಲ್ರಿ."

"ಹೇಳಿಲ್ಲ, ಖರೆ. ಕಂಡಿತ್ತಿಲ್ಲೋ?"

ಅವನು ಕೈಯಲ್ಲಿದ್ದ ಪುಸ್ತಕವನ್ನು ತಿರುವಿ ಹಾಕಿದ. ದಿನಾ ಸೈಕಲ್ ಮೇಲೆ ಎರಡೂ ಓಣಿ ಸುತ್ತುವವನು ಅವನು. ಒಂದೂವರೆ ತಿಂಗಳು ಕಾಣದೆ ಹೇಗಿರುತ್ತದೆ?

"ನನ್ನ ಪಿಂಚಣಿ ಐತ್ರಿ ಮೇಡಮ್ಮಾರ."

"ಅದರ ಕಡತಾನೂ ನನ್ನ ಕಡೇನ ಐತಿ," ಅಂದೆ. ಅವನು ಗಾಬರಿಯಾದ. ಹೆದರಿಸಲು ಹೇಳಿದ್ದಲ್ಲ ಅಂತ ಕೂಡಲೇ ತಿಳಿಸಿ ಹೇಳಿದೆ. ಯಾರು ಯಾವ ಓಣಿ ಉಡುಗಬೇಕು ಅಂತ ಗೊತ್ತು ಮಾಡುವ ಅಧಿಕಾರ ಮುಕಾದಮನದು. ಅದಕ್ಕೆ ಬರಹದ ಆದೇಶ ಬೇಕಿಲ್ಲ, ಯಾವತ್ತೂ ಇದ್ದದ್ದಿಲ್ಲ. ಅವನು ಬಾಯಿಮಾತಲ್ಲಿ ಬದಲಿಸಿದರೂ ಅದು ಆದೇಶವೇ. ಬದಲಿ ನೋಡಿಯೂ ತಡೆಯದೆ ಕೆಲಸ ಮಾಡಿಸಿಕೊಂಡಿದ್ದರೆ ಒಪ್ಪಿಗೆ ಕೊಟ್ಟಂತೆಯೇ. ಇದರಲ್ಲಿ ಅವನು ನಿಯಮ ಮುರಿದದ್ದು ಎಲ್ಲಿಯೂ ಇಲ್ಲ. ಆದರೆ 'ನನಗೆ ಗೊತ್ತಿರಲಿಲ್ಲ' ಅಂದನೋ, ಒಬ್ಬಳ ಕೆಲಸ ಹೋಗುತ್ತದೆ, ಇನ್ನೊಬ್ಬಳ ಕೈಗೆ ಬೆಲೆ ಇರುವುದಿಲ್ಲ.

ಹೆಣ್ಣುಮಕ್ಕಳು ಗಾಡಿ ತೆಗೆದುಕೊಂಡು ಒಬ್ಬೊಬ್ಬರೇ ಹೊರಡತೊಡಗಿದರು.

"ಹೊಟ್ಟಿ ಇದ್ದಾಕಿ ಅಂತ ನನಗ ಮೂರನೇ ತಿಂಗಳಿಗೇ ತಿಳದಿತ್ರಿ," ಅಂದ ಕೊನೆಗೆ. "ನನ್ನ ಮಗಳೂ ಹಂಗ ನಡೀತಿದ್ಲು. ಬದಲಿ ಮಾಡ್ಕೊಂಡಾರ ಅಂತ ಕಂಡಾಗ, ಛಲೋ ಆತು ಅನಕೊಂಡು ಸೈಕಲ್ ತಿರುಗಿಸಿದೆ. ಬರಕೋರಿ. ನಾನ ಹೇಳಿದ್ದೆ ಅಂತ ಬರಕೋರಿ."

"ನೀವು ಹೇಳಿದ್ದಿಲ್ಲಲ್ಲ ಕಾಕಾ. ನೋಡಿ, ಒಪ್ಪಿ, ಸುಮ್ಮನಿದ್ದೆ ಅಂತ ಬರೀತೇನಿ. ಖರೇದ ಸಾಕಾಗ್ತೈತಿ."

ಅವನ ಹೇಳಿಕೆ ಅಲ್ಲಿಯೇ ಬರೆದು ಸಹಿ ಹಾಕಿಸಿಕೊಂಡೆ. ಹಾಗೆಯೇ, ಇನ್ನೂ ಹೊರಡದ ಹೆಣ್ಣುಮಕ್ಕಳನ್ನು ನಿಲ್ಲಿಸಿ, ಪಟ್ಟಿಯ ಸುದ್ದಿ ಸುಳ್ಳು ಅಂತ ಗಟ್ಟಿಯಾಗಿ ಹೇಳಿದೆ. ಮಧ್ಯಾಹ್ನದೊಳಗೆ ಇನ್ನೊಬ್ಬಳು ತಾಯಿ ಕಾರ್ಡ್ ಹಿಡಿದು ನನ್ನ ಟೇಬಲ್ಲಿಗೆ ಬಂದಳು. ಅವಳೂ ಬಸುರಿ, ಐದು ತಿಂಗಳಾಗಿತ್ತು.

ಮುಖ್ಯಾಧಿಕಾರಿಯ ಕೋಣೆಗೆ ಹೋಗುವ ಮೊದಲು ಇನ್ನೊಂದು ಕೆಲಸ ಉಳಿದಿತ್ತು. ನಿರೀಕ್ಷಕರು ಒಂದೇ ಮುಂಜಾನೆಯಲ್ಲಿ ಸಹಿ ಹಾಕುವಷ್ಟು ಏಕೆ ಹೆದರಿದ್ದಾರೆ ಅಂತ ನನಗೆ ಗೊತ್ತಿತ್ತು. ಫರ್ಸಿ ಸೀಳಿದ್ದು ಅವರ ಕಣ್ಣಿಗೆ ಬಿದ್ದಿರಬೇಕು, ಅಪಘಾತ ಅಲ್ಲಿ ಆಯಿತು ಅಂದರೆ ಜವಾಬ್ದಾರಿ ತಮ್ಮ ತಲೆಗೆ ಬರುತ್ತದೆ ಎಂಬ ಭಯ. ಅವರ ಶಾಖೆಯಿಂದ ಹೊರಹೋದ ಪತ್ರಗಳ ಪ್ರತಿಗಳನ್ನು ತೆಗೆಸಿ ಒಂದೊಂದಾಗಿ ನೋಡಿದೆ. ಮಳೆಗಾಲಕ್ಕೆ ಮುಂಚೆ ಅವರೇ ಎಂಜಿನಿಯರ್ ಶಾಖೆಗೆ ಬರೆದ ಪತ್ರ ಸಿಕ್ಕಿತು: ಮಾರುಕಟ್ಟೆ ಹಿಂಭಾಗದ ಚರಂಡಿಯ ಫರ್ಸಿಗಳು ಶಿಥಿಲವಾಗಿವೆ, ಬದಲಿಸಿಕೊಡಿ. ಬರೆದು ಅವರೇ ಮರೆತಿದ್ದರು.

ಕೋಣೆಯಲ್ಲಿ ಮೂವರು ಕೂತೆವು: ಮುಖ್ಯಾಧಿಕಾರಿ, ನಿರೀಕ್ಷಕರು, ನಾನು. ನಾನು ಮೊದಲು ಹುಡುಗಿಯ ಕಡತ ಇಟ್ಟೆ: ತಾಯಿ ಕಾರ್ಡಿನ ಪ್ರತಿ, ಹಗುರ ಕೆಲಸಕ್ಕೆ ಡಾಕ್ಟರ ಚೀಟಿ, ಹೆರಿಗೆ ರಜೆಯ ಅರ್ಜಿ, ಮುಕಾದಮನ ಹೇಳಿಕೆ. ಅದಕ್ಕೆ ಸಹಿ ಬೀಳದೆ ಎರಡನೆಯದನ್ನು, ದೊಡ್ಡಾಕೆಯದನ್ನು, ತೆಗೆಯಬಾರದು ಅಂತ ಗಟ್ಟಿ ಮಾಡಿಕೊಂಡು ಬಂದಿದ್ದೆ.

"ನೋಟಿಸ್ ಕೊಟ್ಟಾಗಿದೆಯಲ್ಲ ಮೇಡಂ?" ಅಂದರು ಮುಖ್ಯಾಧಿಕಾರಿ.

"ಗೈರುಹಾಜರಿಗೆ ನೋಟಿಸ್ ಕೊಟ್ಟಾರ್ರಿ. ಆಕಿ ಗೈರುಹಾಜರಿ ಇದ್ದಿದ್ದಿಲ್ಲ. ಆರಕ್ಕ ಹೆಬ್ಬೆಟ್ಟು ಒತ್ಯಾಳ, ಕೋರ್ಟಿನ ಮುಂದ ಕಸ ಹೊಡದಾಳ. ಬೇಕಾದ್ರ ಇಲ್ಲಿ ನೋಡ್ರಿ, ಮುಕಾದಮನ ಹೇಳಿಕಿ."

ನಿರೀಕ್ಷಕರು ದನಿ ಎತ್ತಿದರು. "ಅಲ್ರೀ ಮೇಡಮ್ಮಾರ, ತಮ್ಮ ತಮ್ಮೊಳಗ ಓಣಿ ಬದಲಿ ಮಾಡ್ಕೊಂಡು ಕುಂತ್ರ ನಾವ ಯಾಕ ಇರೋದು?"

"ನೀವ ಇರೋದು ಆಕಿ ಹೊಟ್ಟಿ ನೋಡಿ ಹಗುರ ಕೆಲಸ ಕೊಡಾಕ್ರಿ. ನೀವು ಕೊಡಲಿಲ್ಲ, ನಾನೂ ಕೊಡಲಿಲ್ಲ. ಓದಾಕ ಬರೆಯಾಕ ಬರದ ಒಬ್ಬಾಕಿ ಕೊಟ್ಲು."

"ನೀವು ಜಗಳ ಆಡ್ತಿದ್ದೀರೋ ಮಾತಾಡ್ತಿದ್ದೀರೋ?" ಮುಖ್ಯಾಧಿಕಾರಿ ಇಬ್ಬರನ್ನೂ ನೋಡಿದರು.

"ಮಾತಾಡಾಕತ್ತೇವ್ರಿ ಸರ್," ಅಂದೆವು ಇಬ್ಬರೂ ಒಟ್ಟಿಗೆ. ಅವರಿಗೆ ನಗು ಬಂತು. ಸಹಿ ಬಿತ್ತು.

ಆಮೇಲೆ ದೊಡ್ಡಾಕೆಯ ಕಡತ. ಹಳೆಯ ಅರ್ಜಿಯನ್ನು ಹರಿದು ಎಸೆಯಲಿಲ್ಲ. ಹರಿದರೆ ಅದು ಬೇರೆ ತಪ್ಪು. ಹೊಸ ಹೇಳಿಕೆ ಬರೆಸಿ, ಮೊದಲು ಏಕೆ ಬೇರೆ ಹೇಳಿದ್ದೆ ಅನ್ನುವುದನ್ನೂ ಅದರಲ್ಲಿ ಸೇರಿಸಿದ್ದೆ. ಹಾಜರಿಯ ಆರು ಗಂಟೆ, ಆಸ್ಪತ್ರೆಯ ಏಳು ನಲವತ್ತು, ಕಾಯಿಪಲ್ಲೆ ಮಾರುವಾಕೆಯ ಹೇಳಿಕೆ. ಟಿಪ್ಪಣಿಯಲ್ಲಿ ಬರೆದೆ: ಓಣಿ ಯಾರ ಪಾಲಿನದಾದರೂ ಅದು ಪುರಸಭೆಯ ಓಣಿ, ಕೈಯಲ್ಲಿದ್ದದ್ದು ಪುರಸಭೆಯ ಕೆಲಸ. ಆದ್ದರಿಂದ ಇದು ಕರ್ತವ್ಯದ ಮೇಲೆ ಆದ ಪೆಟ್ಟು.

ನಿರೀಕ್ಷಕರ ಮುಖ ಬಿಳಿಚಿಕೊಂಡಿತು. ಅವರ ಮುಂದೆ ಅವರದೇ ಪತ್ರ ಇಟ್ಟೆ.

ಓದಿ, ತಿರುಗಿ ಓದಿದರು. "ಇದ ನಾನ ಬರದಿದ್ದು?"

"ನಿಮ್ಮ ಸಹಿ ಐತ್ರಿ."

ಅವರು ನಿರಾಳವಾಗಿ ಕುರ್ಚಿಗೆ ಒರಗಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದೆ. ನೋಟಿಸನ್ನು ಹಿಂಪಡೆಯುವ ಪತ್ರವನ್ನು ಸಂಜೆಯೊಳಗೆ ತಾವೇ ಟೈಪ್ ಮಾಡಿಸಿ ತಂದರು. ಹುಡುಗಿಯ ಮನೆಗೆ ಅದನ್ನು ಒಯ್ದು ಕೊಟ್ಟವರೂ ಅವರೇ. ಅದು ಅವರು ಹೇಳಿದ್ದಲ್ಲ, ಹುಡುಗಿ ಹೇಳಿದ್ದು.

ಮುಂದಿನದು ತಡವಾದರೂ ಸರಿಯಾಗಿ ನಡೆಯಿತು. ಮೇಲಿನ ಕಚೇರಿಯಿಂದ ಎರಡು ಸಲ ಕಡತ ವಾಪಸು ಬಂತು. ಎರಡು ಸಲವೂ ಉತ್ತರ ಬರೆದು ಕಳಿಸಿದೆ. ದೊಡ್ಡಾಕೆಯ ರಜೆಯೆಲ್ಲ ಪೆಟ್ಟಿನ ರಜೆ ಅಂತ ಮಂಜೂರಾಯಿತು, ಆಕೆಯ ಸ್ವಂತ ಖಾತೆಯ ದಿನಗಳು ಹಾಗೆಯೇ ಉಳಿದವು. ಮಾರುಕಟ್ಟೆಯ ಹಿಂದೆ ಹೊಸ ಫರ್ಸಿ ಬಂದವು. ಹುಡುಗಿಗೆ ಹೆಣ್ಣು ಮಗು ಆಯಿತು. ಆರು ತಿಂಗಳು ಮನೆಯಲ್ಲಿದ್ದು ಬಂದಳು. ಪಟ್ಟಿಯಲ್ಲಿ ಹೆಸರಿತ್ತು, ಮರುವರ್ಷ ಕಾಯಂ ಆದಳು.

ಆದರೆ ದೊಡ್ಡಾಕೆಯ ಕೈ ಪೂರ್ತಿ ಬರಲಿಲ್ಲ. ಪ್ಲಾಸ್ಟರ್ ತೆಗೆದ ಮೇಲೂ ನಡುವಿನ ಎರಡು ಬೆರಳು ಮಡಚುತ್ತಿರಲಿಲ್ಲ. ಜಿಲ್ಲಾ ಆಸ್ಪತ್ರೆಯ ವೈದ್ಯರು ಕಸಬರಿಗೆ, ಗಾಡಿ ಎರಡೂ ಬೇಡ, ಹಗುರ ಕೆಲಸ ಕೊಡಿ ಅಂತ ಬರೆದರು. ನಾನು ಉಪಕಾರ ಮಾಡಿದೆ ಅಂದುಕೊಂಡು ಆಕೆಯನ್ನು ಕಚೇರಿಯ ಬಾಗಿಲಲ್ಲಿ ಬೆಂಚಿನ ಮೇಲೆ ಕೂರಿಸಿದೆ. ಬಂದವರಿಗೆ ಯಾವ ಶಾಖೆ ಎಲ್ಲಿ ಅಂತ ತೋರಿಸುವುದು ಕೆಲಸ. ಫ್ಯಾನ್ ಕೆಳಗೆ, ನೆರಳಿನಲ್ಲಿ. ನಾಲ್ಕನೇ ದಿನ ನನ್ನ ಟೇಬಲ್ ಮುಂದೆ ಬಂದು ನಿಂತಳು. ಈ ಸಲವೂ ಕುರ್ಚಿಯಲ್ಲಿ ಕೂಡಲಿಲ್ಲ.

"ಮೇಡಮ್ಮಾರ, ನನ್ನ ಕುಂದ್ರಿಸಿ ಕೊಲ್ಲಾಕತ್ತೀರಿ."

"ಡಾಕ್ಟರ ಬರದಾರ ಯವ್ವಾ."

"ಡಾಕ್ಟರ ಕೈ ನೋಡಿ ಬರದಾರ. ನನ್ನ ಕಾಲು ಛಲೋ ಅದಾವ, ಬಾಯಿ ಛಲೋ ಐತಿ."

"ಏನ ಮಾಡ್ತಿ, ನೀನ ಹೇಳು."

ಈ ಪ್ರಶ್ನೆಯನ್ನು ನಾನು ಮೊದಲೇ ಕೇಳಬೇಕಿತ್ತು. ಆಕೆಯ ಹತ್ತಿರ ಉತ್ತರ ತಯಾರಿತ್ತು. ಮನೆ ಮನೆಗೆ ಹೋಗುವ ಕಸದ ಗಾಡಿಯ ಜೊತೆ ಹೋಗುತ್ತೇನೆ ಅಂದಳು. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿ ಅಂತ ಗಾಡಿಯ ಮೈಕಿನಲ್ಲಿ ದಿನಾ ಹಾಡು ಹಾಕುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. "ನಾ ಒಂದ ಮಾತ ಹೇಳಿದ್ರ ಕೇಳ್ತಾರ. ಯಾರ ಮನ್ಯಾಗ ಏನ ತಿಂತಾರ ನನಗ ಗೊತ್ತಿಲ್ಲೇನು?" ಗಾಡಿ ಏರುವ ಮೆಟ್ಟಿಲಿಗೆ ಎಡಗೈಯಿಂದ ಹಿಡಿಯಲು ಒಂದು ಕಬ್ಬಿಣದ ಹಿಡಿಕೆ ಹಾಕಿಸಬೇಕು, ಬಕೀಟು ತಾನು ಎತ್ತುವುದಿಲ್ಲ, ಮುಚ್ಚಳ ತೆಗೆದು ನೋಡುತ್ತೇನೆ ಅಷ್ಟೇ ಅಂದಳು. ಆಕೆ ಹೇಳಿದಂತೆಯೇ ಆದೇಶ ಬರೆದೆ. ಹಿಡಿಕೆಯನ್ನು ನಿರೀಕ್ಷಕರು ಗ್ಯಾರೇಜಿನಲ್ಲಿ ತಾವೇ ನಿಂತು ವೆಲ್ಡಿಂಗ್ ಮಾಡಿಸಿದರು.

ಒಂದು ತಿಂಗಳಲ್ಲಿ ನಾಲ್ಕನೇ ವಾರ್ಡಿನ ಗಾ‍ಡಿಯಲ್ಲಿ ಕಸ ಬೇರೆ ಬೇರೆಯಾಗಿ ಬರತೊಡಗಿತು. ಆಕೆ ಬೈಯುತ್ತಿದ್ದಳು ಅಂತ ಒಂದೆರಡು ದೂರುಗಳೂ ಬಂದವು. ಅವಕ್ಕೆ ಉತ್ತರ ಬರೆದದ್ದೂ ನಾನೇ. ಮಾತು ಸ್ವಲ್ಪ ಬಿರುಸು, ಕೆಲಸ ತೃಪ್ತಿಕರ ಅಂತ ಬರೆದೆ.

ನನ್ನ ಬಾಡಿಗೆ ಮನೆ ಇದ್ದದ್ದು ಅದೇ ವಾರ್ಡಿನಲ್ಲಿ. ಒಂದು ಮುಂಜಾನೆ ಮನೆಯಲ್ಲಿ ನೆಂಟರಿದ್ದರು, ನನಗೆ ಗಡಿಬಿಡಿ, ಎಲ್ಲವನ್ನೂ ಒಂದೇ ಬಕೀಟಿಗೆ ತುಂಬಿ ಗಾಡಿಯ ಸದ್ದು ಕೇಳಿ ಬಾಗಿಲಿಗೆ ಓಡಿದೆ. ಆಕೆ ಎಡಗೈಯಲ್ಲಿ ಹಿಡಿಕೆ ಹಿಡಿದು ಇಳಿದಳು. ಮುಚ್ಚಳ ತೆಗೆದಳು. ಈರುಳ್ಳಿ ಸಿಪ್ಪೆಯ ನಡುವೆ ಹಾಲಿನ ಪಾಕೀಟು, ಬಿಸ್ಕೀಟಿನ ಕವರು.

"ಇದ ಬರಂಗಿಲ್ರಿ ಮೇಡಮ್ಮಾರ," ಅಂದಳು, ಓಣಿಯೆಲ್ಲ ಕೇಳುವ ಹಾಗೆ. "ಕೂಡ್ಯಾವ ಎಲ್ಲಾ. ಬ್ಯಾರೆ ಮಾಡಿ ಇಡ್ರಿ, ನಾಳೆ ಒಯ್ತೇವಿ."

"ನಾನ ಯವ್ವಾ, ಇವತ್ತೊಂದಿನ..."

"ನೀವಂತ ಗೊತ್ತೈತ್ರಿ. ಅದಕ್ಕ ಮೆತ್ತಗ ಹೇಳಾಕತ್ತೇನಿ."

ಎದುರುಮನೆಯ ಅಜ್ಜಿ ಕಟ್ಟೆಯ ಮೇಲೆ ಕೂತು ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದಳು. ಗಾಡಿ ಮುಂದೆ ಹೋಯಿತು. ನಾನು ಬಕೀಟು ಒಳಗೆ ಒಯ್ದು, ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, ಸಿಪ್ಪೆ ಒಂದು ಕಡೆ, ಪಾಕೀಟು ಒಂದು ಕಡೆ ಹಾಕತೊಡಗಿದೆ.